ಮರೆ ಎಂದವರು, ಹೇಳು ಎಂದವರು

ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಮಾತು ನಿಂತುಹೋಗಿದೆ, ಕೈಕಾಲು ನಡುಗುತ್ತಿವೆ, ಕಣ್ಣು ಮುಚ್ಚಿದರೆ ದುಃಸ್ವಪ್ನ. ಮೊದಲ ಮಹಾಯುದ್ಧದ ಕಂದಕಗಳಿಂದ ಇಂಥ ಸಾವಿರಾರು ಸೈನಿಕರು ಮರಳತೊಡಗಿದಾಗ ಬ್ರಿಟನ್ನಿನ ವೈದ್ಯರು ಕಂಗಾಲಾದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಳಸಿದ 'ಶೆಲ್ ಶಾಕ್' ಎಂಬ ಹೆಸರು ಈ ಕಾಯಿಲೆಗೆ ಅಂಟಿಕೊಂಡಿತು.

ಹೆಸರೇನೋ ಸಿಕ್ಕಿತು, ಚಿಕಿತ್ಸೆ? ಇದು ಬರೀ ಹೇಡಿತನ ಎಂದವರಿಗೆ ಬರವಿರಲಿಲ್ಲ. ಲಂಡನ್ನಿನ ಡಾ. ಲೂಯಿಸ್ ಯೆಲ್ಯಾಂಡ್ ಮಾತು ಕಳೆದುಕೊಂಡವರ ಗಂಟಲಿಗೆ ವಿದ್ಯುತ್ ಹಾಯಿಸಿ ಮಾತಾಡಿಸುತ್ತಿದ್ದರು. ಮೃದು ಸ್ವಭಾವದವರು ಹೇಳುತ್ತಿದ್ದುದು ಒಂದೇ: 'ಅದನ್ನೆಲ್ಲ ಮರೆತುಬಿಡು.'

ಈ ಬುದ್ಧಿಮಾತೇ ರೋಗವನ್ನು ಬೆಳೆಸುತ್ತಿದೆ ಎಂದವರು ಡಾ. ಡಬ್ಲ್ಯು.ಎಚ್.ಆರ್. ರಿವರ್ಸ್ (1864-1922). ಇವರು ನಮಗೆ ತೀರ ಹೊರಗಿನವರಲ್ಲ. ಮಾನವಶಾಸ್ತ್ರಜ್ಞರೂ ಆಗಿದ್ದ ಅವರು 1901-02ರಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಗೆ ಬಂದು, ತೋಡರ ಬದುಕನ್ನು ಅವರ ಬಾಯಿಂದಲೇ ಕೇಳಿ ತಿಳಿದು, 1906ರಲ್ಲಿ 'ದಿ ತೋಡಾಸ್' ಎಂಬ ಗ್ರಂಥ ಪ್ರಕಟಿಸಿದರು.

1916ರಲ್ಲಿ ರಿವರ್ಸ್ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆ ಸೇರಿದರು. ಅಲ್ಲಿಯ ಒಬ್ಬ ಅಧಿಕಾರಿಗೆ, ಸಿಡಿಗುಂಡಿಗೆ ಛಿದ್ರವಾಗಿದ್ದ ಗೆಳೆಯನ ದೇಹ ರಾತ್ರಿಯೆಲ್ಲ ಕಾಣುತ್ತಿತ್ತು. ಹಗಲಲ್ಲಿ ಅದನ್ನು ಮರೆಯಲು ಹೆಣಗಿದಷ್ಟೂ ಕನಸು ಭೀಕರವಾಗುತ್ತಿತ್ತು. ರಿವರ್ಸ್ ಎಲ್ಲವನ್ನೂ ಕೇಳಿಸಿಕೊಂಡು ಒಂದು ಸಂಗತಿ ತೋರಿಸಿಕೊಟ್ಟರು: ದೇಹ ಹಾಗಿತ್ತೆಂದರೆ ಗೆಳೆಯ ಆ ಕ್ಷಣದಲ್ಲೇ ಸತ್ತಿದ್ದಾನೆ, ನರಳಲಿಲ್ಲ. ಮುಂದೊಂದು ರಾತ್ರಿ ಅದೇ ಕನಸು ಬಿದ್ದಾಗ ಅಧಿಕಾರಿ ಗೆಳೆಯನ ಬಳಿ ಕೂತ; ಎಚ್ಚರವಾದಾಗ ಭಯವಿರಲಿಲ್ಲ, ದುಃಖವಿತ್ತು.

ಎಲ್ಲರಿಗೂ ಇದು ಫಲಿಸಲಿಲ್ಲ. ಇನ್ನೊಬ್ಬನ ನೆನಪಿನಲ್ಲಿ ಸಮಾಧಾನಕ್ಕೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವನನ್ನು ರಿವರ್ಸ್ ಬಲವಂತಪಡಿಸದೆ, ಸೇನೆ ಬಿಟ್ಟು ಹಳ್ಳಿಯ ನೆಮ್ಮದಿಗೆ ಮರಳಲು ನೆರವಾದರು. ಈ ಅನುಭವಗಳನ್ನು ಅವರು 1918ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬರೆದರು.

ಆದರೆ ಈ ಕರುಣೆಗೂ ಒಂದು ಇಕ್ಕಟ್ಟಿತ್ತು. ಗುಣವಾದವರನ್ನು ಮತ್ತೆ ಯುದ್ಧಕ್ಕೆ ಕಳಿಸುವುದೇ ಆಸ್ಪತ್ರೆಯ ಉದ್ದೇಶ. ಯುದ್ಧ ಮುಂದುವರಿಸುವುದನ್ನು ಬಹಿರಂಗವಾಗಿ ವಿರೋಧಿಸಿ 1917ರಲ್ಲಿ ಅಲ್ಲಿಗೆ ಬಂದ ಕವಿ ಸೀಗ್‌ಫ್ರೀಡ್ ಸಸೂನ್ ಕೂಡ ರಣರಂಗಕ್ಕೆ ಹಿಂತಿರುಗಿದರು.

1980ರಲ್ಲಿ ಅಮೆರಿಕದ ಮನೋವೈದ್ಯರು ಆಘಾತೋತ್ತರ ಕಾಯಿಲೆಯನ್ನು ತಮ್ಮ ಅಧಿಕೃತ ಪಟ್ಟಿಗೆ ಸೇರಿಸಿದರು. ಹೇಡಿತನ, ಪಲಾಯನ ಮುಂತಾದ ಆರೋಪಗಳ ಮೇಲೆ ಆ ಯುದ್ಧದಲ್ಲಿ ಗುಂಡಿಕ್ಕಿಸಿಕೊಂಡ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ. ಶೆಲ್ ಶಾಕ್‌ನಿಂದ ನರಳುತ್ತಿದ್ದವರೂ ಅವರಲ್ಲಿದ್ದರು.