ನೆಲ ಡೊಂಕೋ, ಹೆಜ್ಜೆ ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನ್ನ ತಪ್ಪನ್ನು ನೆಲದ ಮೇಲೆ ಹೊರಿಸಬಾರದೆಂಬುದು ಈ ಹಳೆಯ ಗಾದೆಯ ನೀತಿ. ಆದರೆ ನೆಲವೇ ಕುಣಿಯುವವರ ತಪ್ಪು ಎಣಿಸುವ ಒಂದು ಆಟವಿದೆ. ಕಾಲಿಟ್ಟ ಗಳಿಗೆಯನ್ನು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಅಳೆದು ‘ಸರಿ’, ‘ತಪ್ಪು’ ಎಂದು ಅದು ತೀರ್ಪು ಕೊಡುತ್ತದೆ. ಸ್ವಾರಸ್ಯವೆಂದರೆ, ಈ ಆಟವನ್ನು ನಮ್ಮ ಮನೆಯ ಹಾಡುಗಳಿಗೆ ಆಡಲು ಹೊರಟಾಗ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ!

ಮೈಸೂರಿಗೆ ಕುಣಿತವೂ ಹೊಸದಲ್ಲ, ತಾಳವೂ ಹೊಸದಲ್ಲ. ಅರಮನೆಯ ಆಶ್ರಯದಲ್ಲಿ ನರ್ತಿಸಿದ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಬಾಳಿದ ಊರಿದು. ಇದೇ ಜಿಲ್ಲೆಯ ಮೂಗೂರಿನ ಹೆಸರನ್ನು ಮೂಗೂರು ಸುಂದರ್ ತಮ್ಮ ನೃತ್ಯ ನಿರ್ದೇಶನದಿಂದ ಚಿತ್ರರಂಗಕ್ಕೆ ಒಯ್ದರು. 1973ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಮಗ ಪ್ರಭುದೇವ ದೇಶವನ್ನೇ ಕುಣಿಸಿದರು. ದಸರೆ ಹತ್ತಿರವಾದರೆ ಸಾಕು, ಮಾನಸಗಂಗೋತ್ರಿಯ ಬಯಲು ರಂಗಮಂದಿರದ ‘ಯುವ ಸಂಭ್ರಮ’ದಲ್ಲಿ ಕಾಲೇಜು ಹುಡುಗ ಹುಡುಗಿಯರು ಹಾಡು ಹಾಕಿಕೊಂಡು ಹೆಜ್ಜೆ ಹಾಕುತ್ತಾರೆ.

ಇಂಥ ಊರಿನ ಮನೆಗಳಲ್ಲಿ ಹಾಡಿಗೇನೂ ಬರವಿಲ್ಲ. ಶಿವರಾಂಪೇಟೆಯ ಸಹೋದರರಾದ ರಾಜನ್-ನಾಗೇಂದ್ರರ ‘ಗಂಧದ ಗುಡಿ’ (1973), ‘ಎರಡು ಕನಸು’ (1974), ಮೈಸೂರಿನಲ್ಲೇ ಹುಟ್ಟಿದ ಹಂಸಲೇಖರ ‘ಪ್ರೇಮಲೋಕ’ (1987)– ಇವುಗಳ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಬೀರುವಿನಲ್ಲಿ, ಅಟ್ಟದ ಮೇಲಿನ ಬೂಟಿನ ಡಬ್ಬಗಳಲ್ಲಿ ಇನ್ನೂ ಇವೆ. ಆದರೆ ಹಾಕಿ ಕೇಳಲು ಟೇಪ್‌ರೆಕಾರ್ಡರ್ ಕೆಟ್ಟಿದೆ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತಿದೆ. ಅಜ್ಜಿ ಗುನುಗುವ ಹಾಡು ಮೊಮ್ಮಗಳಿಗೆ ಗೊತ್ತಿಲ್ಲ. ಆ ಡಬ್ಬವನ್ನು ಅಟ್ಟದಿಂದ ಇಳಿಸಲು ಒಂದು ನೆಪ ಬೇಕು. ಈ ಆಟ ಅಂಥದೊಂದು ನೆಪವಾಗಬಲ್ಲದು.

ಬಾಣ ಬಂತು, ಕಾಲಿಡು!

1998ರಲ್ಲಿ ಜಪಾನಿನ ಕೊನಾಮಿ ಕಂಪನಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಯಂತ್ರವನ್ನು ಆಟದ ಅಂಗಡಿಗಳಿಗೆ ತಂದಿತು. ಮರುವರ್ಷ ಅದರ ಮನೆಯ ಆವೃತ್ತಿ ಬಂತು. ಆಟ ಸರಳ. ಹಾಡು ಕೇಳುತ್ತಿರುವಂತೆ ಪರದೆಯ ಮೇಲೆ ಬಾಣದ ಗುರುತುಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಬಾಣ ಮೇಲಿನ ಗೆರೆ ಮುಟ್ಟುವ ಗಳಿಗೆಗೆ ಸರಿಯಾಗಿ, ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಅದೇ ದಿಕ್ಕಿನ ಚೌಕವನ್ನು ತುಳಿಯಬೇಕು. ಎಡ, ಬಲ, ಮುಂದೆ, ಹಿಂದೆ– ಇಷ್ಟೇ ನಾಲ್ಕು ದಿಕ್ಕು.

ಚಾಪೆಯೊಳಗೆ ಇರುವುದು ಮನೆಯ ಕರೆಗಂಟೆಯ ಗುಂಡಿಯ ತತ್ತ್ವವೇ. ವಿದ್ಯುತ್ ಹರಿಯಬಲ್ಲ ಎರಡು ಪದರಗಳ ನಡುವೆ ತೂತುಗಳಿರುವ ಸ್ಪಂಜಿನ ಹಾಳೆ. ಕಾಲಿಟ್ಟಾಗ ಸ್ಪಂಜು ಅದುಮಿ, ತೂತುಗಳ ಮೂಲಕ ಮೇಲಿನ ಪದರ ಕೆಳಗಿನದಕ್ಕೆ ತಾಗುತ್ತದೆ; ಮಂಡಲ ಪೂರ್ಣಗೊಳ್ಳುತ್ತದೆ. ರಟ್ಟು, ಅಲ್ಯೂಮಿನಿಯಂ ಹಾಳೆ, ಹಳೆಯ ಕೀಬೋರ್ಡ್ ಒಂದರ ಒಳಭಾಗ ಇದ್ದರೆ ಪ್ರೌಢಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು.

ತೊಡಕಿರುವುದು ಹಾಡಿನಲ್ಲಿ. ಕಂಪನಿ ತುಂಬಿ ಕೊಟ್ಟ ಹಾಡುಗಳಿಗೆ ಮಾತ್ರ ಕುಣಿಯಬೇಕು. ಅವುಗಳ ನಡುವೆ ರಾಜನ್-ನಾಗೇಂದ್ರರನ್ನು ಹುಡುಕಿದರೆ ಸಿಕ್ಕಾರೆಯೇ? ಈ ಬೇಲಿಯನ್ನು ಮೊದಲೇ ದಾಟಿದ್ದು 1999ರಲ್ಲಿ ಜಪಾನಿನಲ್ಲಿ ಬಂದ ‘ವಿಬ್ ರಿಬ್ಬನ್’ ಎಂಬ ಆಟ. ಇಡೀ ಆಟ ಯಂತ್ರದ ಪುಟ್ಟ ಸ್ಮರಣಕೋಶದೊಳಗೆ ಹಿಡಿಸುತ್ತಿತ್ತು. ಹೀಗಾಗಿ ಆಟದ ತಟ್ಟೆಯನ್ನು ಹೊರತೆಗೆದು, ನಿಮ್ಮದೇ ಹಾಡಿನ ಸಿ.ಡಿ. ಹಾಕಿದರೆ ಆ ಹಾಡಿಗೆ ತಕ್ಕಂತೆ ದಾರಿಯ ಅಡೆತಡೆಗಳು ತಾವಾಗಿ ಹುಟ್ಟುತ್ತಿದ್ದವು. ಅದರಲ್ಲಿ ಆಟಗಾರನ ಕಾಲಿಗೆ ಕೆಲಸವಿರಲಿಲ್ಲ. ಪರದೆಯ ಮೇಲಿನ ಗೆರೆಯ ಮೊಲಕ್ಕಿತ್ತು!

ಕಾಲಿಗೂ ಕೆಲಸ, ಹಾಡೂ ನಮ್ಮದು ಎಂಬ ಅನುಕೂಲ ಬಂದದ್ದು 2001ರ ಸುಮಾರಿಗೆ ಆರಂಭವಾದ ‘ಸ್ಟೆಪ್‌ಮೇನಿಯಾ’ದಿಂದ. ಇದು ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಯುವ ಉಚಿತ ತಂತ್ರಾಂಶ. ಹಾಡಿನ ಕಡತದ ಪಕ್ಕದಲ್ಲಿ ಹೆಜ್ಜೆಗಳನ್ನು ಬರೆದ ಒಂದು ಚಿಕ್ಕ ಪಠ್ಯ ಕಡತವಿಟ್ಟರೆ ಸಾಕು, ಆಟ ಸಿದ್ಧ. ಚಾಪೆ ಇಲ್ಲದಿದ್ದರೆ ಕೀಬೋರ್ಡಿನ ಬಾಣದ ಗುಂಡಿಗಳಲ್ಲೂ ಆಡಬಹುದು.

ಲೋಲಕದ ಪಾಠ

ಆ ಚಿಕ್ಕ ಕಡತದಲ್ಲಿ ಎಲ್ಲಕ್ಕಿಂತ ಮುಖ್ಯವಾದವು ಎರಡು ಅಂಕಿಗಳು. ಒಂದು, ನಿಮಿಷಕ್ಕೆ ಎಷ್ಟು ಪೆಟ್ಟು ಎಂಬುದು. ಇನ್ನೊಂದು, ಮೊದಲ ಪೆಟ್ಟು ಹಾಡಿನ ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದು. ಇವೆರಡು ಸರಿಯಾದರೆ ನೆಲ ನೆಟ್ಟಗೆ. ತಪ್ಪಿದರೆ ಪ್ರಭುದೇವರೇ ಬಂದು ಕುಣಿದರೂ ಅಂಕ ಸೊನ್ನೆ!

ಎಷ್ಟು ಕರಾರುವಾಕ್ಕಾಗಿರಬೇಕು? ಸ್ಟೆಪ್‌ಮೇನಿಯಾದ ಮೂಲ ಅಳತೆಯಂತೆ, ಸೆಕೆಂಡಿನ ಸಾವಿರದಲ್ಲಿ 22.5 ಭಾಗದಷ್ಟು ಹಿಂದೆ ಮುಂದೆ ಇದ್ದರೆ ಅತ್ಯುತ್ತಮ ಹೆಜ್ಜೆ. 45 ಭಾಗದವರೆಗೆ ಉತ್ತಮ. 180 ಭಾಗ ದಾಟಿದರೆ ಹೆಜ್ಜೆ ಇಟ್ಟ ಲೆಕ್ಕಕ್ಕೇ ಇಲ್ಲ. ಈಗ ನಾಲ್ಕು ನಿಮಿಷದ ಒಂದು ಹಾಡು ತೆಗೆದುಕೊಳ್ಳಿ. ನಿಮಿಷಕ್ಕೆ 120 ಪೆಟ್ಟಾದರೆ ಒಟ್ಟು 480 ಪೆಟ್ಟು. ಅದನ್ನು 120.5 ಎಂದು ಬರೆದುಬಿಟ್ಟರೆ ಯಂತ್ರ 482 ಎಣಿಸುತ್ತದೆ. ಅರ್ಧದ ತಪ್ಪು ಹಾಡಿನ ಕೊನೆಗೆ ಎರಡು ಪೆಟ್ಟಿನ, ಅಂದರೆ ಇಡೀ ಒಂದು ಸೆಕೆಂಡಿನ ತಪ್ಪಾಯಿತು.

ಈ ಅಂಕಿಯನ್ನು ಹಿಡಿಯಲು ಶಾಲೆಯ ಸರಳ ಲೋಲಕದ ಪ್ರಯೋಗ ನೆನಪಾದರೆ ಸಾಕು. ಒಂದು ತೂಗಾಟದ ಕಾಲ ಬೇಕಾದರೆ ಒಂದನ್ನೇ ಅಳೆಯುವುದಿಲ್ಲ. ಇಪ್ಪತ್ತನ್ನು ಅಳೆದು ಭಾಗಿಸುತ್ತೇವೆ. ಗಡಿಯಾರದ ಗುಂಡಿ ಒತ್ತುವಾಗ ಕೈ ಮಾಡುವ ಸುಮಾರು 0.2 ಸೆಕೆಂಡಿನ ತಪ್ಪು ಇಪ್ಪತ್ತರಲ್ಲಿ ಹಂಚಿಹೋಗಲಿ ಎಂದು. ಇಲ್ಲೂ ಅಷ್ಟೇ. ನೂರು ಪೆಟ್ಟು ಎಣಿಸಿದರೆ ಉತ್ತರದಲ್ಲಿ ಸುಮಾರು ಅರ್ಧ ಪೆಟ್ಟಿನ ಅನುಮಾನ ಉಳಿಯುತ್ತದೆ. ಹಾಡಿನ 480 ಪೆಟ್ಟುಗಳನ್ನೂ ಎಣಿಸಿದರೆ ಅನುಮಾನ 0.1ಕ್ಕೆ ಇಳಿಯುತ್ತದೆ. ಆದರೆ ಮೊದಲ ಪೆಟ್ಟನ್ನು ‘ಒಂದು’ ಎನ್ನಬಾರದು, ‘ಸೊನ್ನೆ’ ಎನ್ನಬೇಕು. ಲೋಲಕದ ಪ್ರಯೋಗದಲ್ಲಿ ಮಕ್ಕಳು ಎಡವುವುದೂ ಇಲ್ಲಿಯೇ.

ಉಳಿದ ಸಣ್ಣ ತಪ್ಪನ್ನು ತಿದ್ದಲು ಕಿವಿಯೇ ಸಾಧನ. ಪ್ರತಿ ಹೆಜ್ಜೆಯ ಜಾಗದಲ್ಲೂ ‘ಟಿಕ್’ ಎನ್ನುವ ಸೌಲಭ್ಯ ಆಟದಲ್ಲಿದೆ. ಟಿಕ್ ಸದ್ದು ತಬಲದ ಪೆಟ್ಟಿನೊಳಗೆ ಮುಚ್ಚಿಹೋಗುವವರೆಗೆ ಅಂಕಿಯನ್ನು ಹಿಂದೆ ಮುಂದೆ ಸರಿಸುತ್ತಾ ಹೋಗಬೇಕು.

ಯಂತ್ರ ತಾಳ ಹಿಡಿಯುವ ಬಗೆ

ಇಷ್ಟೆಲ್ಲ ಕಷ್ಟವೇಕೆ, ಕಂಪ್ಯೂಟರೇ ಎಣಿಸಬಾರದೇ ಎನ್ನಬಹುದು. ಎಣಿಸುತ್ತದೆ. ಹಾಡಿನ ಸದ್ದು ಎಲ್ಲೆಲ್ಲಿ ಥಟ್ಟನೆ ಏರುತ್ತದೆ ಎಂದು ಒಂದು ನಕ್ಷೆ ಬರೆಯುತ್ತದೆ. ಬಳಿಕ ಆ ನಕ್ಷೆಯ ಪ್ರತಿಯೊಂದನ್ನು ಅದರ ಮೇಲೆಯೇ ಇಟ್ಟು ಮೆಲ್ಲಗೆ ಸರಿಸುತ್ತದೆ. ಎರಡು ಗ್ರಾಫ್ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದರ ಮೇಲೊಂದು ಸರಿಸಿದಂತೆ. ಎಷ್ಟು ಸರಿಸಿದಾಗ ಶಿಖರದ ಮೇಲೆ ಶಿಖರ ಕೂರುತ್ತದೋ ಅದೇ ಎರಡು ಪೆಟ್ಟುಗಳ ನಡುವಿನ ಕಾಲ. ಒಂದು ಪೆಟ್ಟಿನಷ್ಟು ಸರಿಸಿದರೂ ಹೊಂದುತ್ತದೆ, ಎರಡು ಪೆಟ್ಟಿನಷ್ಟು ಸರಿಸಿದರೂ ಹೊಂದುತ್ತದೆ. ಆದ್ದರಿಂದಲೇ ಯಂತ್ರ ಆಗಾಗ 120ರ ಹಾಡನ್ನು 60 ಎಂದುಬಿಡುತ್ತದೆ.

ಹೆಜ್ಜೆಗಳನ್ನೂ ಯಂತ್ರವೇ ಬರೆಯುವ ಪ್ರಯತ್ನಗಳು ನಡೆದಿವೆ. 2003ರಲ್ಲಿ ಲಂಡನ್ನಿನ ವಿದ್ಯಾರ್ಥಿಯೊಬ್ಬ ಇದಕ್ಕಾಗಿ ‘ಡ್ಯಾನ್ಸಿಂಗ್ ಮಂಕೀಸ್’ ಎಂಬ ತಂತ್ರಾಂಶ ಸಿದ್ಧಪಡಿಸಿದ. 2017ರಲ್ಲಿ ಅಮೆರಿಕದ ಸಂಶೋಧಕರು, ಮನುಷ್ಯರು ಬರೆದ ಹೆಜ್ಜೆಗಳನ್ನೇ ಕೃತಕ ಬುದ್ಧಿಮತ್ತೆಗೆ ಕಲಿಸಿ ಹೊಸ ಹಾಡಿಗೆ ಹೆಜ್ಜೆ ಬರೆಸಿದರು. ಮೊದಲನೆಯದು ಉದ್ದಕ್ಕೂ ಒಂದೇ ವೇಗದ ಹಾಡಿಗೆ ಮಾತ್ರ ಒಗ್ಗುವಂಥದು. ಎರಡನೆಯದು ಕಲಿತದ್ದು ಮನುಷ್ಯರ ಬರಹದಿಂದಲೇ. ಯಾರೂ ಹೆಜ್ಜೆ ಬರೆಯದ ಸಂಗೀತದ ಬಗ್ಗೆ ಅದು ಏನನ್ನು ತಾನೇ ಕಲಿತೀತು?

ಹಳೆಯ ಹಾಡಿನ ಉಸಿರು

ಒಂದೇ ವೇಗದ ಹಾಡು– ನಮ್ಮ ಸಂಗ್ರಹದ ಕಷ್ಟ ಶುರುವಾಗುವುದು ಇಲ್ಲಿಂದ. ತಾಳಯಂತ್ರ, ಕಂಪ್ಯೂಟರ್ ಬಳಸಿ ಕಟ್ಟಿದ ಇತ್ತೀಚಿನ ಹಾಡುಗಳ ನಡೆ ಗಡಿಯಾರದಂತೆ ಸ್ಥಿರ. ಆದರೆ 1960-70ರ ದಶಕಗಳಲ್ಲಿ ಗಾಯಕರು, ವಾದ್ಯಗಾರರು ಒಟ್ಟಿಗೆ ಕುಳಿತು ನುಡಿಸಿದ ಹಾಡುಗಳಿಗೆ ಮನುಷ್ಯರ ಉಸಿರಿದೆ. ಪಲ್ಲವಿಯಲ್ಲಿ ತುಸು ನಿಧಾನ, ಚರಣದ ಕೊನೆಗೆ ತುಸು ಬಿರುಸು. ಕೇಳುವ ಕಿವಿಗೆ ಅದು ತಪ್ಪಲ್ಲ, ಸೊಗಸು. ಯಂತ್ರಕ್ಕೆ ಮಾತ್ರ ಅದು ಡೊಂಕು.

ಇದರ ಮೇಲೆ ಕ್ಯಾಸೆಟ್ಟಿನ ಡೊಂಕು ಬೇರೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಹಳೆಯ ಯಂತ್ರ ನೂರಕ್ಕೆ ಒಂದು ಪಾಲು ಹೆಚ್ಚು ಓಡಿದರೂ 120ರ ಹಾಡು 121.2 ಆಗುತ್ತದೆ, ನಾಲ್ಕು ನಿಮಿಷದ ಹಾಡು ಸುಮಾರು ಎರಡೂವರೆ ಸೆಕೆಂಡು ಮೊದಲೇ ಮುಗಿಯುತ್ತದೆ. ಒಂದು ಮನೆಯಲ್ಲಿ ಬರೆದ ಹೆಜ್ಜೆ ಪಕ್ಕದ ಮನೆಯ ಅದೇ ಕ್ಯಾಸೆಟ್ಟಿಗೆ ಹೊಂದದಿರುವುದು ಇದರಿಂದಲೇ. ಪರಿಹಾರವಿದೆ. ಹಾಡನ್ನು ತುಂಡು ತುಂಡಾಗಿ ನೋಡಿ, ಎಲ್ಲಿ ವೇಗ ಬದಲಾಯಿತೋ ಅಲ್ಲಿ ಹೊಸ ಅಂಕಿ ಬರೆಯಬಹುದು. ಒಂದು ಹಾಡಿಗೆ ಒಂದು ಸಂಜೆಯೇ ಹಿಡಿಯಬಹುದು, ಅಷ್ಟೇ.

ಐದು, ಏಳರ ಲೆಕ್ಕ

ಸಿನಿಮಾ ಹಾಡು ಬಿಟ್ಟು ಶಾಸ್ತ್ರೀಯ ಸಂಗೀತಕ್ಕೆ ಬಂದರೆ ಪ್ರಶ್ನೆ ಇನ್ನೂ ಸೊಗಸಾಗುತ್ತದೆ. ಈ ಆಟ ಒಂದು ಪೆಟ್ಟನ್ನು 48 ಮನೆಗಳಾಗಿ ಭಾಗ ಮಾಡುತ್ತದೆ. ಕರ್ನಾಟಕ ಸಂಗೀತದಲ್ಲಿ ಪೆಟ್ಟನ್ನು ಒಡೆಯುವ ನಡೆಗಳು ಐದು: ತಿಶ್ರ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ನಲವತ್ತೆಂಟನ್ನು 3 ಮತ್ತು 4 ನಿಶ್ಶೇಷವಾಗಿ ಭಾಗಿಸುತ್ತವೆ. ಆದರೆ 5, 7, 9 ಭಾಗಿಸುವುದಿಲ್ಲ! ಪಾಶ್ಚಾತ್ಯ ಹಾಡುಗಳನ್ನು ಮನಸ್ಸಿನಲ್ಲಿಟ್ಟು ಗೆರೆ ಎಳೆದವರಿಗೆ ಖಂಡ, ಮಿಶ್ರ ನಡೆಗಳ ನೆನಪು ಬರಬೇಕಾಗಿರಲಿಲ್ಲ.

ಹಾಗಾದರೆ ಮಿಶ್ರನಡೆಯ ಜತಿಗೆ ಈ ಆಟದಲ್ಲಿ ಜಾಗವೇ ಇಲ್ಲವೇ? ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 120 ಪೆಟ್ಟಾದರೆ ಒಂದು ಮನೆಯ ಅಗಲ ಸೆಕೆಂಡಿನ ಸಾವಿರದಲ್ಲಿ ಸುಮಾರು 10 ಭಾಗ. ಹತ್ತಿರದ ಮನೆಗೆ ಬಾಣವನ್ನು ಕೂರಿಸಿದರೆ ಆಗುವ ತಪ್ಪು ಹೆಚ್ಚೆಂದರೆ ಐದು ಭಾಗ ಚಿಲ್ಲರೆ. ಅತ್ಯುತ್ತಮ ಹೆಜ್ಜೆಗಿರುವ ಮಿತಿಯೇ 22.5 ಭಾಗ. ಅಂದಮೇಲೆ ಕಾಲಿಗೆ ಈ ತಪ್ಪು ತಿಳಿಯುವುದೇ ಇಲ್ಲ. ಯಂತ್ರ ಅಡ್ಡ ಬರುವುದಿಲ್ಲ. ಒಂದೊಂದು ಬಾಣವನ್ನೂ ಕೈಯಾರೆ ಕೂರಿಸುವವರು ಬೇಕು.

ತೊಡೆಯ ಮೇಲಿನ ತಾಳ

ಅಂಥವರು ಎಲ್ಲಿದ್ದಾರೆ? ಬಹಳಷ್ಟು ಮನೆಗಳಲ್ಲಿ ಒಳಕೋಣೆಯಲ್ಲಿಯೇ ಇದ್ದಾರೆ. ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತು ಬಿಟ್ಟ ಅಜ್ಜಿ, ಭಜನೆಗೆ ತಾಳ ಹಾಕುವ ತಾತ. ಕೀರ್ತನೆಯ ಪಲ್ಲವಿ ತಾಳದ ಮೊದಲ ಪೆಟ್ಟಿನ ಮೇಲೆಯೇ ಎದ್ದಿತೋ, ಅರ್ಧ ಪೆಟ್ಟು ಬಿಟ್ಟು ಎದ್ದಿತೋ ಎಂದು ಗ್ರಾಫ್ ಸರಿಸುವ ಯಂತ್ರ ತಡವರಿಸುತ್ತದೆ. ಅಜ್ಜಿಯ ಕೈ ತೊಡೆಯ ಮೇಲೆ ತಾನಾಗಿ ಸರಿಯಾದ ಜಾಗಕ್ಕೆ ಬೀಳುತ್ತದೆ. ಮೊಮ್ಮಗಳಿಗೆ ಕಂಪ್ಯೂಟರ್ ಗೊತ್ತು, ಅಜ್ಜಿಗೆ ತಾಳ ಗೊತ್ತು. ಇಬ್ಬರೂ ಜೊತೆಗೆ ಕೂರದೆ ಈ ಆಟ ನಮ್ಮ ಹಾಡಿಗೆ ಒಗ್ಗುವುದಿಲ್ಲ.

ಕೆಲವು ಕಿವಿಮಾತುಗಳೂ ಬೇಕು. ನುಣುಪಾದ ರೆಡ್ ಆಕ್ಸೈಡ್ ನೆಲದ ಮೇಲೆ ಚಾಪೆ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಹಾಳೆ ಹಾಸಬೇಕು. ಮಂಡಿನೋವಿನವರು ನೆಗೆಯಬಾರದು. ಮಹಡಿಯ ಮನೆಯಾದರೆ ಕೆಳಗಿನವರ ನಿದ್ದೆಯ ಹೊತ್ತು ನೋಡಿಕೊಳ್ಳಬೇಕು. ಹೊಸ ಟಿ.ವಿ.ಗಳಲ್ಲಿ ಚಿತ್ರ ಸದ್ದಿಗಿಂತ ತುಸು ತಡವಾಗಿ ಮೂಡುವುದುಂಟು; ಆಟದಲ್ಲಿಯೇ ಅದನ್ನು ಸರಿಹೊಂದಿಸಬಹುದು. ಇನ್ನು, ಹಾಡಿನ ಹಕ್ಕು ಹಾಡಿನವರದು. ಮನೆಯಲ್ಲಿ ಆಡುವುದು ಬೇರೆ, ಹಾಡನ್ನು ಊರಿಗೆಲ್ಲ ಹಂಚುವುದು ಬೇರೆ. ಹೆಜ್ಜೆಯ ಕಡತ ಹಾಡಿನಿಂದ ಪ್ರತ್ಯೇಕವಾಗಿರುವುದರಿಂದ ಅದನ್ನಷ್ಟೇ ಗೆಳೆಯರಿಗೆ ಕೊಡಬಹುದು.

ಹೆಜ್ಜೆ ಸರಿಯಾದ ಮಾತ್ರಕ್ಕೆ ಅದು ನೃತ್ಯವಾಯಿತೇ? ಇಲ್ಲ. 1992ರಲ್ಲಿ ಪದ್ಮಭೂಷಣ ಪಡೆದ ವೆಂಕಟಲಕ್ಷಮ್ಮನವರ ಹೆಸರು ನಿಂತಿರುವುದು ಅಭಿನಯದಿಂದ– ಕಣ್ಣು, ಹುಬ್ಬು, ಕೈಬೆರಳುಗಳ ಮಾತಿನಿಂದ. ಚಾಪೆಗೆ ಕಣ್ಣಿಲ್ಲ. ಅದಕ್ಕೆ ಗೊತ್ತಿರುವುದು ತುಳಿದದ್ದು, ತುಳಿಯದೇ ಇದ್ದದ್ದು ಎರಡೇ. ಅದು ಕುಣಿತ ಕಲಿಸದು. ಆದರೆ ಹಾಡನ್ನು ಕಿವಿಗೊಟ್ಟು ಕೇಳುವುದನ್ನು ಕಲಿಸೀತು. ಒಂದು ಹಾಡಿಗೆ ಹೆಜ್ಜೆ ಬರೆಯಬೇಕಾದರೆ ಅದನ್ನು ಹತ್ತಾರು ಸಲ ಕೇಳಲೇಬೇಕು. ಹಾಗೆ ಕೇಳಿದ ಹಾಡು ಮರೆತುಹೋಗುವುದು ಕಷ್ಟ.

ಟೇಪಿನ ಮೇಲಿನ ಲೇಪನ ಉದುರುವ ಮುನ್ನ ಆ ಡಬ್ಬ ಅಟ್ಟದಿಂದ ಇಳಿಯಲಿ. ಹೆಜ್ಜೆ ತಪ್ಪಿದ ಮೊಮ್ಮಗಳು ‘ನೆಲ ಡೊಂಕು’ ಎಂದರೆ ಈ ಸಲ ಯಾರೂ ನಗಬೇಕಾಗಿಲ್ಲ. ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಬರೆದಿದ್ದೀರಿ, ಅಜ್ಜಿಯನ್ನು ಕೂರಿಸಿಕೊಂಡು ಇನ್ನೊಮ್ಮೆ ಎಣಿಸಿ ನೋಡಿ.