ಸಂಶೋಧನಾ ವಿದ್ಯಾರ್ಥಿ ಮತ್ತು ಪಾಠ ಹೇಳುವ ಕಸುಬು

ಪ್ರಾಥಮಿಕ ಶಾಲೆಯ ಮೇಷ್ಟ್ರಾಗಬೇಕಾದರೆ ಡಿ.ಇಡಿ. ಮಾಡಿರಬೇಕು. ಹೈಸ್ಕೂಲಿಗೆ ಬಿ.ಇಡಿ. ಬೇಕು. ಕಾಲೇಜಿಗೆ ಬರುವವನನ್ನು ಮಾತ್ರ, ಪಾಠ ಹೇಳುವುದನ್ನು ಎಲ್ಲಿ ಕಲಿತೆಯಪ್ಪಾ ಎಂದು ಯಾರೂ ಕೇಳುವುದಿಲ್ಲ. ಎಂ.ಎ. ಆಗಿ ನೆಟ್ಟೋ ಕೆ-ಸೆಟ್ಟೋ ಪಾಸಾಗಿದ್ದರೆ, ಇಲ್ಲವೇ ಪಿಎಚ್.ಡಿ. ಇದ್ದರೆ ಸಾಕು. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಒಂದಷ್ಟು ಪ್ರಶ್ನೆಗಳಿರುತ್ತವೆ ನಿಜ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ವಿಷಯ ಗೊತ್ತಿದ್ದವನಿಗೆ ಹೇಳುವುದೂ ಗೊತ್ತಿರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ವಿದ್ಯೆ ಮನೆತನದಿಂದ ಬರುತ್ತದೆಂದು ತಿಳಿದಿದ್ದ ಸಮಾಜಕ್ಕೆ ಈ ನಂಬಿಕೆ ಸಹಜವೇ. ಅಪ್ಪನೋ ಚಿಕ್ಕಪ್ಪನೋ ಮೇಷ್ಟ್ರಾಗಿದ್ದ ಮನೆಯ ಹುಡುಗ ಪಡಸಾಲೆಯಲ್ಲೇ ಇದರ ಅರ್ಧ ಕಲಿತಿರುತ್ತಾನೆ. ಮನೆಗೆ ಮೊದಲ ಡಿಗ್ರಿ ತಂದವರಿಗೆ ಆ ಪಡಸಾಲೆ ಇಲ್ಲ. ಅವರು ಈ ಕಸುಬನ್ನು ಸಂಶೋಧನೆಯ ವರ್ಷಗಳಲ್ಲಿಯೇ, ಬೇಕೆಂದೇ, ಕಲಿತುಕೊಳ್ಳಬೇಕಾಗುತ್ತದೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಈ ವಿಷಯ ಯಾಕೆ ಎನ್ನಬಹುದು. ನಮ್ಮ ವಿಮರ್ಶೆ ಪತ್ರಿಕೆಗಳಲ್ಲಿ ಓಡಾಡುವುದಕ್ಕಿಂತ ಹೆಚ್ಚಾಗಿ ತರಗತಿಗಳಲ್ಲಿ ಓಡಾಡುತ್ತದೆ. ಅಲ್ಲಿ ಕೆಟ್ಟರೆ ಇಲ್ಲಿ ಎಷ್ಟು ಬರೆದೂ ಅಷ್ಟೆ.

ಅಂಬೇಡ್ಕರ್ ಬಗ್ಗೆ ಮಾತಾಡುವಾಗ ಅವರು ಮೇಷ್ಟ್ರಾಗಿದ್ದ ಕಾಲವನ್ನು ನಾವು ಬೇಗ ದಾಟಿಬಿಡುತ್ತೇವೆ. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಂದ ಅವರು 1918ರ ನವೆಂಬರಿನಿಂದ 1920ರ ಮಾರ್ಚ್‌ವರೆಗೆ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದರು. ಅಂದರೆ ಸಂಶೋಧನೆ ಬಾಕಿಯಿದ್ದ ವಿದ್ಯಾರ್ಥಿಯೇ ಮೇಷ್ಟ್ರು. ಸಂಬಳದಲ್ಲಿ ಉಳಿಸಿದ್ದು ಮತ್ತೆ ಲಂಡನ್ನಿಗೆ ಹೋಗುವುದಕ್ಕೆ. ಅಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಬಳಸುವುದಕ್ಕೆ ಸಹೋದ್ಯೋಗಿಗಳು ತಕರಾರು ತೆಗೆದರು. ತರಗತಿಯಲ್ಲಿ ಆದದ್ದೇ ಬೇರೆ: ಬೇರೆ ಕಾಲೇಜಿನ ಹುಡುಗರೂ ಅವರ ಪಾಠ ಕೇಳಲು ಬಂದು ಕೂರತೊಡಗಿದರು. ಇದು ದಿಢೀರನೆ ಬಂದದ್ದಲ್ಲ. 1916ರ ಮೇ 9ರಂದು ಕೊಲಂಬಿಯಾದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಜಾತಿಯ ಬಗ್ಗೆ ಪ್ರಬಂಧ ಓದಿದ್ದರು. ಜಾತಿಯನ್ನು ಹತ್ತಿರದಿಂದ ಕಾಣದವರ ಮುಂದೆ ಅದನ್ನು ಬಿಡಿಸಿ ಹೇಳುವುದು ಸಣ್ಣ ಅಭ್ಯಾಸವಲ್ಲ.

ಈಗ ನಿಯಮವೂ ಇದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಯಾವ ವಿಷಯದವರೇ ಆಗಲಿ, ತಮ್ಮ ವಿಷಯದ ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು. ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದಂಥ ಕೆಲಸವನ್ನು ವಾರಕ್ಕೆ 4ರಿಂದ 6 ಗಂಟೆ ಅವರಿಗೆ ವಹಿಸಬಹುದು. 'ಬಹುದು' ಎಂಬುದನ್ನು ಗಮನಿಸಿ. ಹಲವು ಕಡೆ ನಡೆಯುವುದೇನೆಂದರೆ, ಗೈಡ್ ಊರಲ್ಲಿಲ್ಲದ ದಿನ 'ಹೋಗಿ ಒಂದು ಕ್ಲಾಸು ತಗೊಳಯ್ಯ' ಎಂಬ ಫೋನು. ಇದು ತರಬೇತಿಯಲ್ಲ, ಬದಲಿ ಆಳಿನ ಕೆಲಸ. ಒಂದೇ ತರಗತಿಗೆ ನಾಲ್ಕಾರು ವಾರ ಒಂದೇ ಪಠ್ಯ ಹೇಳುವಂತಿರಬೇಕು. ಹಿಂದಿನ ಬೆಂಚಿನಲ್ಲಿ ಯಾರಾದರೂ ಕೂತು ನೋಡಬೇಕು. ಗೈಡ್ ಕೂರದಿದ್ದರೆ ಜೊತೆಯ ಸಂಶೋಧಕರು ಕೂರಲಿ. ಪಾಠ ಚೆನ್ನಾಗಿತ್ತು ಅನ್ನುವ ಮಾತು ಅವರಿಂದ ಬೇಡ. ಎಷ್ಟು ಜನ ಬಾಯಿ ಬಿಟ್ಟರು, ಪ್ರಶ್ನೆ ಕೇಳಿ ನೀವು ಎಷ್ಟು ಹೊತ್ತು ಸುಮ್ಮನಿದ್ದಿರಿ, ಯಾವ ಬೆಂಚಿನ ಕಡೆ ತಿರುಗಲೇ ಇಲ್ಲ ಎಂಬುದನ್ನು ಬರೆದುಕೊಳ್ಳಲಿ. ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಬಿಡುವುದು ಹೊಸಬರ ಚಾಳಿ. ಹಳಬರಲ್ಲೂ ಇದೆ ಬಿಡಿ.

ನಿಜವಾಗಿ ಕಷ್ಟವಾಗುವುದು ದಲಿತ ಕೃತಿಯ ಪಾಠದಲ್ಲಿ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಕೂತು ಕದ್ದ ಕಡಲೆಕಾಯಿ ತಿನ್ನುವ ಭಾಗ ಬಂದಾಗ ತರಗತಿಯ ನಾಲ್ಕಾರು ತಲೆಗಳು ಒಬ್ಬ ಹುಡುಗನ ಕಡೆ ತಿರುಗುತ್ತವೆ. 'ನಿಮ್ಮ ಕಡೆ ಹಿಂಗೇ ಮಾತಾಡ್ತಾರೇನೋ?' ಎಂದು ಮೇಷ್ಟ್ರೇ ಕೇಳಿದ್ದನ್ನೂ ನಾನು ಕಂಡಿದ್ದೇನೆ. ಕೇಳಿದವರು ಕೆಟ್ಟವರೇನಲ್ಲ. ಆದರೆ ಆ ಹುಡುಗ ಅಲ್ಲಿಂದಾಚೆಗೆ ಓದುಗನಾಗಿ ಉಳಿಯುವುದಿಲ್ಲ, ಸಾಕ್ಷಿಯಾಗಿಬಿಡುತ್ತಾನೆ. ಮಿಕ್ಕವರು ತಮ್ಮ ಜಾತಿಯ ಬಗ್ಗೆ ಒಂದು ಮಾತೂ ಆಡದೆ ಪಾಠ ಮುಗಿಸಿಕೊಂಡು ಹೋಗುತ್ತಾರೆ. ಹಾಗಾಗಿ ಪ್ರಶ್ನೆಯನ್ನು ಎಲ್ಲರ ಮನೆಗೂ ಒಯ್ಯಬೇಕು. ಪಾಠಕ್ಕೆ ಮುಂಚೆ ಎಲ್ಲರೂ ಅರ್ಧ ಪುಟ ಬರೆಯಲಿ: ನಿಮ್ಮೂರಿನಲ್ಲಿ ನೀವು ಕಾಲಿಡದ ಬೀದಿ ಯಾವುದು, ಯಾಕೆ ಕಾಲಿಟ್ಟಿಲ್ಲ? ಚೀಟಿಗೆ ಹೆಸರು ಬೇಡ, ಗಟ್ಟಿಯಾಗಿ ಓದಿಸುವುದೂ ಬೇಡ. ಬರೆಯುವಾಗಲೇ ಪಾಠ ಅರ್ಧ ಆಗಿರುತ್ತದೆ. ಆಮೇಲೆ ಕೃತಿಯ ಮಾತಿಗೆ ಬನ್ನಿ. ಈ ಭಾಗದಲ್ಲಿ ನಗು ಎಲ್ಲೆಲ್ಲಿದೆ ಎಂದು ಕೇಳಿ. ಹಸಿವು, ಶೋಷಣೆ ಎಂದಷ್ಟೇ ಬರೆಸಿ ಮುಗಿಸುವ ನೋಟ್ಸು ಆ ರಾತ್ರಿಯ ಸಂಭ್ರಮವನ್ನೇ ನುಂಗಿಬಿಡುತ್ತದೆ.

ಉತ್ತರಪತ್ರಿಕೆ ತಿದ್ದುವಾಗಲೂ ಅಷ್ಟೆ. ಮನೆಮಾತು ನುಸುಳಿದೆಯೆಂದು ಕೆಂಪು ಗೆರೆ ಎಳೆಯುವ ಮುನ್ನ ವಾದ ನಿಂತಿದೆಯೋ ನೋಡಿ. 'ಪಾಪ' ಎಂದು ಅಂಕ ಹಾಕುವುದೂ ಬೇಡ, ಅದು ಅವಮಾನದ ಇನ್ನೊಂದು ಬಗೆ.

ಇನ್ನು ಕಿರಿಯರ ಕೈಹಿಡಿಯುವ ವಿಚಾರ. ವಿಶ್ವವಿದ್ಯಾಲಯದಲ್ಲಿ ಬರೆದಿಟ್ಟ ನಿಯಮಗಳಿಗಿಂತ ಬರೆಯದಿರುವವೇ ಹೆಚ್ಚು. ಫೆಲೋಶಿಪ್ ಕಡತ ಯಾರ ಮೇಜಿನ ಮೇಲೆ ಕೂರುತ್ತದೆ, ಸಿನಾಪ್ಸಿಸ್ ವಾಪಸು ಬಂದರೆ ಏನು ಮಾಡಬೇಕು, ಗೈಡ್ ಮಾತಾಡಿಸದಿದ್ದರೆ ಯಾರಿಗೆ ಬರೆಯಬೇಕು. ಇವು ಕೆಲವರಿಗೆ ಕಿವಿಯಿಂದ ಕಿವಿಗೆ ಸಿಗುತ್ತವೆ, ಕೆಲವರಿಗೆ ಸಿಗುವುದಿಲ್ಲ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅವರ ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. ಹಾಗಾಗಿ ಕಿರಿಯರು ಸಿಕ್ಕಾಗ ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳುವ ಮೊದಲು ಈ ತಿಂಗಳು ದುಡ್ಡು ಬಂತಾ ಎಂದು ಕೇಳಬೇಕು. ನಮ್ಮಲ್ಲಿ ಈ ಮಾತುಕತೆ ನಡೆಯುವುದು ರಾತ್ರಿ ಚಹಾದಂಗಡಿಯಲ್ಲಿ. ಆ ಹೊತ್ತಿಗೆ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಹಾಕಿರುತ್ತದೆ. ಹಗಲಿನಲ್ಲಿ, ಲೈಬ್ರರಿಯ ಹತ್ತಿರ ಸೇರಿದರೆ ಅವರೂ ಇರುತ್ತಾರೆ.

ಕೈಹಿಡಿಯುವುದೆಂದರೆ ಹಿಂಬಾಲಕರನ್ನು ಮಾಡಿಕೊಳ್ಳುವುದಲ್ಲ. ಲಂಡನ್ನಿನಲ್ಲಿ ಅಂಬೇಡ್ಕರರ ಗುರುವಾಗಿದ್ದ ಎಡ್ವಿನ್ ಕ್ಯಾನನ್, ರೂಪಾಯಿಯ ಸಮಸ್ಯೆ ಕುರಿತ ಅವರ 1923ರ ಪುಸ್ತಕಕ್ಕೆ ಮುನ್ನುಡಿ ಬರೆದರು. ಶಿಷ್ಯನ ವಾದವನ್ನು ತಾನು ಪೂರ್ತಿ ಒಪ್ಪುವುದಿಲ್ಲವೆಂದು ಆ ಮುನ್ನುಡಿಯಲ್ಲೇ ಹೇಳಿದರು. ನಮ್ಮ ವಿಭಾಗಗಳಲ್ಲಿ ಹೀಗೆ ಒಪ್ಪದೆಯೂ ಬೆನ್ನಿಗೆ ನಿಲ್ಲುವ ಗೈಡ್ ಸಿಗುವುದು ಅಪರೂಪ. ಆದರೆ ಸಂಶೋಧಕರು ತಮ್ಮತಮ್ಮಲ್ಲಿ ಇದನ್ನು ಶುರುಮಾಡಲು ಯಾರ ಅನುಮತಿಯೂ ಬೇಕಿಲ್ಲ. ಕಿರಿಯರ ಸಿನಾಪ್ಸಿಸ್ ನೋಡುವಾಗ ನೀವೇ ವಾಕ್ಯ ತಿದ್ದಿಕೊಡಬೇಡಿ, ಅಂಚಿನಲ್ಲಿ ಪ್ರಶ್ನೆ ಬರೆಯಿರಿ. ಅದೇ ವಾರ ನಿಮ್ಮದೊಂದು ಅಧ್ಯಾಯವನ್ನು ಅವರ ಕೈಗೆ ಕೊಟ್ಟು, ಅರ್ಥವಾಗದ ಕಡೆಯಲ್ಲೆಲ್ಲ ಗೆರೆ ಎಳೆಯಲು ಹೇಳಿ.