ಒಂಬತ್ತು ಡ್ರಮ್ಮು, ಒಂದು ಪೆಟ್ಟು

ಹಗಲು ಕುಗ್ಗುತ್ತ ಬರುವ ನವೆಂಬರ್ ತಿಂಗಳಲ್ಲಿ ಅಮೆರಿಕದ ಅದೆಷ್ಟೋ ಮನೆಗಳ ಒಳಕೋಣೆಯಿಂದ ಸಂಜೆಯುದ್ದಕ್ಕೂ ಟಕ್ ಟಕ್ ಎಂಬ ಸದ್ದೊಂದು ಕೇಳಿಬರುತ್ತದೆ. ಅದರಲ್ಲಿ ಮಾಧುರ್ಯವಿಲ್ಲ, ಏರಿಳಿತವೂ ಇಲ್ಲ. ಬಲಗೈಯಿಂದ ಎಂಟು ಪೆಟ್ಟು, ಎಡಗೈಯಿಂದ ಎಂಟು ಪೆಟ್ಟು. ಮತ್ತೆ ಬಲಗೈಯಿಂದ ಎಂಟು. ರಬ್ಬರು ಅಂಟಿಸಿದ ಬಿಲ್ಲೆಯೊಂದರ ಮುಂದೆ ಹದಿನೆಂಟು ಹತ್ತೊಂಬತ್ತರ ಹುಡುಗನೋ ಹುಡುಗಿಯೋ ಕೋಲು ಹಿಡಿದು ನಿಂತಿರುತ್ತಾರೆ. ಎದುರಿಗೊಂದು ನಿಲುವುಗನ್ನಡಿ, ಪಕ್ಕದಲ್ಲಿ ಲಯವನ್ನು ಎಣಿಸಿಕೊಡುವ ಮೆಟ್ರೊನೋಮ್. ಮನೆಯ ಉಳಿದವರ ಪಾಡನ್ನು, ಮೃದಂಗ ಕಲಿಯುವ ಮಗುವಿರುವ ಮನೆಯಲ್ಲಿ ಬಾಳಿದ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಡ್ರಮ್ ಕೋರ್ ಎಂಬ ತಂಡವನ್ನು ಸೇರಬಯಸುವವರು ಪರೀಕ್ಷೆಗೆ ಸಿದ್ಧರಾಗುವ ಬಗೆ ಇದು. ಹಿತ್ತಾಳೆಯ ವಾದ್ಯಗಳು, ಡ್ರಮ್ಮುಗಳು, ಬಾವುಟ ಬೀಸುತ್ತ ನರ್ತಿಸುವ ಪಡೆ, ಇಷ್ಟೂ ಸೇರಿ ನೂರೈವತ್ತಕ್ಕೂ ಮಿಕ್ಕ ತರುಣರು ಫುಟ್‌ಬಾಲ್ ಮೈದಾನದ ಮೇಲೆ ನಡೆಯುತ್ತ, ಓಡುತ್ತ, ಆಕೃತಿಯಿಂದ ಆಕೃತಿಗೆ ಹೊರಳುತ್ತ ಹನ್ನೊಂದು ಹನ್ನೆರಡು ನಿಮಿಷಗಳ ಸಂಗೀತವನ್ನು ನುಡಿಸುತ್ತಾರೆ. ಕೈಯಲ್ಲಿ ಸ್ವರಲಿಪಿಯ ಹಾಳೆಯಿಲ್ಲ, ಎಲ್ಲವೂ ಕಂಠಪಾಠ. ಇದರ ಮೂಲ ಸೈನ್ಯದ ಕಹಳೆ ಭೇರಿಗಳಲ್ಲಿದೆ. ಮೊದಲ ಮಹಾಯುದ್ಧದಿಂದ ಮರಳಿದ ಯೋಧರ ಸಂಘಗಳು ಊರೂರಿನಲ್ಲಿ ಇಂಥ ತಂಡಗಳನ್ನು ಪೋಷಿಸಿದವು. ಚರ್ಚುಗಳೂ ಬಡಾವಣೆಗಳೂ ತಮ್ಮ ತಮ್ಮ ಮಕ್ಕಳಿಗೆಂದು ತಂಡ ಕಟ್ಟಿದವು. ತಂಡಗಳೇ ಸೇರಿ ರಚಿಸಿಕೊಂಡ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ಚಾಂಪಿಯನ್‌ಷಿಪ್ 1972ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರ್ ಎಂಬ ಊರಿನಲ್ಲಿ ನಡೆದು, ಕ್ಯಾಲಿಫೋರ್ನಿಯದ ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು. ಅಂದಿನಿಂದ ಕಲೆ ಬೆಳೆಯಿತು, ತಂಡಗಳ ಸಂಖ್ಯೆ ಇಳಿಯಿತು. ಓಣಿಯ ಮಕ್ಕಳಿಗೆಲ್ಲ ತೆರೆದಿದ್ದ ಬಾಗಿಲಲ್ಲಿ ಈಗ ದೇಶದ ಮೂಲೆಮೂಲೆಗಳಿಂದ ಬಂದವರು ಸಾಲುಗಟ್ಟಿ ನಿಲ್ಲುತ್ತಾರೆ. ಪರೀಕ್ಷೆ ಹುಟ್ಟಿದುದು ಹೀಗೆ.

ಡ್ರಮ್ಮಿನ ಸಾಲಿಗೆ ಸೇರುವುದು ಎಲ್ಲಕ್ಕಿಂತ ಕಷ್ಟವೆಂದು ಹೇಳಿದರೆ ಹಿತ್ತಾಳೆಯವರು ಒಪ್ಪಲಿಕ್ಕಿಲ್ಲ. ಆದರೂ ಲೆಕ್ಕವನ್ನು ನೋಡಬೇಕು. ಸ್ನೇರ್ ಎಂಬ ಚಿಕ್ಕ ಡ್ರಮ್ಮನ್ನು ನುಡಿಸುವವರು ಒಂದು ತಂಡಕ್ಕೆ ಎಂಟೋ ಒಂಬತ್ತೋ ಹತ್ತೋ ಜನ. ಅದರಲ್ಲಿ ಹಿಂದಿನ ವರ್ಷದ ಹಳಬರೂ ಸೇರಿರುತ್ತಾರೆ. ಉಳಿದ ಕೆಲವೇ ಸ್ಥಾನಗಳಿಗೆ ಬರುವವರಾದರೋ ಹಲವು ಪಟ್ಟು. ಇಷ್ಟು ಪೈಪೋಟಿಯಿದ್ದಲ್ಲಿ ಎದ್ದುಕಾಣುವವನಿಗೆ ಸ್ಥಾನ ದೊರೆಯಬೇಕೆಂದು ನಾವು ಎಣಿಸುತ್ತೇವೆ. ಇಲ್ಲಿಯ ವಿಚಿತ್ರವಿರುವುದು ಅಲ್ಲಿಯೇ. ಒಂಬತ್ತು ಡ್ರಮ್ಮುಗಳಿಂದ ಒಂದೇ ಪೆಟ್ಟು ಕೇಳಬೇಕು. ಎಂಟು ಜನರ ನಡುವೆ ನಿಂತಾಗ ತನ್ನ ಸದ್ದು ತನಗೇ ಬೇರೆಯಾಗಿ ಕೇಳಿಸಬಾರದು. ಕಾಣದಂತಾಗುವುದರಲ್ಲಿ ಎಲ್ಲರನ್ನೂ ಮೀರಿಸಬೇಕು!

ಆದಕಾರಣ ಸಿದ್ಧತೆಯೆಲ್ಲ ಅಳತೆಯ ಮಾತು. ತಂಡವು ಪಾಠಗಳ ಕಟ್ಟೊಂದನ್ನು ಮುಂದಾಗಿ ಕಳುಹಿಸುತ್ತದೆ. ಅದರ ಮೊದಲ ಪಾಠ ಬಹುಮಟ್ಟಿಗೆ ಆ ಎಂಟೆಂಟು ಪೆಟ್ಟೇ. ಸಣ್ಣ ಪೆಟ್ಟಿಗೆ ಕೋಲಿನ ತುದಿ ಮೂರು ಅಂಗುಲ ಏಳಬೇಕೆಂದರೆ ಮೂರೇ; ಒತ್ತಿನ ಪೆಟ್ಟಿಗೆ ಒಂಬತ್ತೋ ಹನ್ನೆರಡೋ ಎಂದು ನಿಗದಿ. ಕನ್ನಡಿ ಬೇಕಾದುದು ಇದಕ್ಕೆ. ಒತ್ತಿನ ಪೆಟ್ಟು ಹೊಡೆದ ಕೋಲು ತಾನಾಗಿ ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಮುಷ್ಟಿ ಬಿಗಿಯದೆ ಮೂರಂಗುಲಕ್ಕೆ ತಂದು ನಿಲ್ಲಿಸುವುದರಲ್ಲಿಯೇ ತಿಂಗಳುಗಳು ಕಳೆಯುತ್ತವೆ. ಬಿಗಿದರೆ ನಾದ ಸಾಯುತ್ತದೆ, ಕೈ ಸೋಲುತ್ತದೆ. ಆಮೇಲೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ ಎಂಬಂಥ ಮೂಲಪಾಠಗಳು. ಇಂಥ 26 ಪಾಠಗಳನ್ನು ಅಮೆರಿಕದ ಡ್ರಮ್ ವಾದಕರ ಸಂಘವೊಂದು 1933ರಲ್ಲಿ ಹುಟ್ಟಿದ ತರುವಾಯ ಕ್ರಮಗೊಳಿಸಿತು. 1984ರಲ್ಲಿ ಅವು 40 ಆದವು. ನಮ್ಮ ಜತಿಗಳನ್ನು ಬಲ್ಲವರಿಗೆ ಈ ಶಿಸ್ತು ಅಪರಿಚಿತವೆನಿಸದು. ಒಂದೇ ಭೇದ: ನಮ್ಮ ವಿದ್ಯಾರ್ಥಿ ಮುಂದೊಂದು ದಿನ ತನಿ ನುಡಿಸುವ ಕನಸು ಕಾಣುತ್ತಾನೆ, ಆ ಹುಡುಗನಿಗೆ ತನಿಯೆಂಬುದೇ ಇಲ್ಲ.

ಕೋಲು ಹಿಡಿಯುವ ರೀತಿಯದೂ ಒಂದು ಕಥೆ. ಹಿಂದೆ ಡ್ರಮ್ಮು ಹೆಗಲ ಪಟ್ಟಿಯಿಂದ ತೊಡೆಯ ಪಕ್ಕಕ್ಕೆ ಓರೆಯಾಗಿ ತೂಗುತ್ತಿತ್ತು. ಓರೆಯ ಮುಖವನ್ನು ಮುಟ್ಟಲು ಎಡ ಅಂಗೈಯನ್ನು ಮೇಲ್ಮುಖ ಮಾಡಿ ಕೋಲನ್ನು ಬೆರಳ ಸಂದಿಯಲ್ಲಿ ಹಿಡಿಯಬೇಕಾಯಿತು. ಈಗ ಭುಜಗಳ ಮೇಲೆ ಕೂರುವ ಚೌಕಟ್ಟಿನಲ್ಲಿ ಡ್ರಮ್ಮು ಸಮತಟ್ಟಾಗಿ ನಿಲ್ಲುತ್ತದೆ. ಓರೆ ಹೋಯಿತು, ಹಿಡಿತ ಮಾತ್ರ ಬಹುಪಾಲು ತಂಡಗಳಲ್ಲಿ ಹಾಗೆಯೇ ಉಳಿಯಿತು. ಸಂಪ್ರದಾಯದ ವಿಷಯದಲ್ಲಿ ನಾವಷ್ಟೇ ಹಠಮಾರಿಗಳಲ್ಲವೆಂದು ತಿಳಿದು ಸಮಾಧಾನವಾಗುತ್ತದೆ.

ಕೈಯ ಸಾಧನೆ ಅರ್ಧ, ಮಿಕ್ಕರ್ಧ ಕಾಲಿನದು. ಎಂಟು ಹೆಜ್ಜೆಗೆ ಐದು ಗಜ, ಎಂದರೆ ಹೆಜ್ಜೆಯೊಂದಕ್ಕೆ ಇಪ್ಪತ್ತೆರಡೂವರೆ ಅಂಗುಲ. ನೂರು ಗಜದ ಮೈದಾನಕ್ಕೆ ನೂರರುವತ್ತು ಹೆಜ್ಜೆ. ಗಿಡ್ಡನಿಗೂ ಉದ್ದನಿಗೂ ಅದೇ ಅಳತೆ. ಡ್ರಮ್ಮಿನವರು ಎದೆಯನ್ನು ಪ್ರೇಕ್ಷಕರ ಕಡೆಗೇ ತಿರುಗಿಸಿಟ್ಟು, ಏಡಿಯಂತೆ ಕಾಲಿಗೆ ಕಾಲು ಅಡ್ಡಹಾಯಿಸಿ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಪರೀಕ್ಷೆಗೆ ಹೋಗುವವರು ಕೋಣೆಯಲ್ಲಿ ನಿಂತಲ್ಲಿಯೇ ಹೆಜ್ಜೆಹಾಕುತ್ತ ನುಡಿಸುವುದು ಇದಕ್ಕಾಗಿ. ಕೂತು ಚೆನ್ನಾಗಿ ನುಡಿಸುವ ಎಷ್ಟೋ ಕೈಗಳು ಕಾಲು ಕದಲಿದೊಡನೆ ತಪ್ಪುತ್ತವೆ.

ಕಾಲಿಗೆ ಇಷ್ಟು ಮಹತ್ವ ಏಕೆ? ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಶಬ್ದ ತಲುಪಲು ಕಾಲು ಸೆಕೆಂಡಿಗೂ ತುಸು ಹೆಚ್ಚು ಹಿಡಿಯುತ್ತದೆ. ನಿಮಿಷಕ್ಕೆ 180 ಎಣಿಕೆಯ ನಡೆಯಲ್ಲಿ ಒಂದೊಂದು ಎಣಿಕೆಗೆ ಇರುವುದೇ ಸೆಕೆಂಡಿನ ಮೂರನೆಯ ಒಂದು ಪಾಲು. ದೂರದವನ ಸದ್ದನ್ನು ಕೇಳಿ ಅದಕ್ಕೆ ಹೊಂದಿಸಿ ನುಡಿಸಿದರೆ ಹೆಚ್ಚುಕಡಮೆ ಒಂದು ಪೂರ್ತಿ ಎಣಿಕೆ ಹಿಂದುಳಿದಂತೆಯೇ! ಆದುದರಿಂದ ಮುಂದಿರುವವರು ಹಿಂದಿನಿಂದ ಬರುವ ಸದ್ದಿಗೆ ಮಾತ್ರ ಕಿವಿಗೊಡಬೇಕು. ಹಿಂದೆ ನಿಂತ ಡ್ರಮ್ಮಿನವರಾದರೋ ಕಿವಿಯನ್ನು ನಂಬುವಂತಿಲ್ಲ. ಅವರ ಕಾಲ ಅವರ ಪಾದದಲ್ಲಿರಬೇಕು. ಇಡೀ ತಂಡದ ನಾಡಿ ಅಲ್ಲಿ ಬಡಿಯುತ್ತದೆ.

ಪರೀಕ್ಷೆಯ ದಿನ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ ಅರ್ಧಚಂದ್ರಾಕಾರವಾಗಿ ನಿಲ್ಲುತ್ತಾರೆ. ತುದಿಯಿಂದ ‘ಡಟ್, ಡಟ್, ಡಟ್, ಡಟ್’ ಎಂಬ ಎಣಿಕೆ ಬರುತ್ತದೆ. ಶಿಕ್ಷಕ ಎದುರಿಗೆ ಬಂದು ನಿಂತು ಕೈ ನೋಡುತ್ತಾನೆ, ಪಾದ ನೋಡುತ್ತಾನೆ. ಬಳಿಕ ಒಂದು ಮಾತು ಹೇಳುತ್ತಾನೆ: ಎಡಗೈ ಹೆಬ್ಬೆರಳು ಸಡಿಲವಾಗಲಿ, ಎಂದು. ಪರೀಕ್ಷೆ ನಿಜವಾಗಿ ಆರಂಭವಾಗುವುದು ಆಗ. ಮುಂದಿನ ಸಲವೇ ಆ ಹೆಬ್ಬೆರಳು ಬದಲಾಯಿತೇ? ಬದಲಾದುದು ಹತ್ತು ನಿಮಿಷದ ಮೇಲೂ ಉಳಿಯಿತೇ? ತನ್ನ ಊರಿನಲ್ಲಿ ಎಲ್ಲರಿಗಿಂತ ಮೇಲೆಂದು ಹೊಗಳಿಸಿಕೊಂಡು ಬಂದವನಿಗೆ ಇದು ಕಹಿಗುಳಿಗೆ. ಇದ್ದ ಹಿಡಿತವನ್ನು ಆ ಕ್ಷಣದಲ್ಲಿಯೇ ಬಿಟ್ಟುಕೊಡಬಲ್ಲ ಸಾಧಾರಣನು, ಬಿಡಲಾರದ ಸಮರ್ಥನನ್ನು ಹಿಂದೆ ಹಾಕುವುದುಂಟು. ಇದು ನ್ಯಾಯವೆ? ಮೂರು ತಿಂಗಳು ಕೂಡಿ ನುಡಿಸಬೇಕಾದವರ ಮಟ್ಟಿಗೆ ನ್ಯಾಯವೆಂದೇ ನನಗೆ ತೋರುತ್ತದೆ. ಬೇರೆಡೆಯಲ್ಲಿ ಈ ಗುಣವನ್ನೇ ಪ್ರತಿಭೆಯೆಂದು ಕರೆಯಲು ಮಾತ್ರ ಮನಸ್ಸು ಹಿಂಜರಿಯುತ್ತದೆ.

ಆಯ್ಕೆಯಾದವರ ಭಾಗ್ಯವೂ ಹೂವಿನ ಹಾಸಿಗೆಯಲ್ಲ. ಬೇಸಿಗೆಯ ವೆಚ್ಚಕ್ಕೆಂದು ಸದಸ್ಯರೇ ಹಲವು ಸಾವಿರ ಡಾಲರ್ ತೆರಬೇಕು, ಸಂಬಳವಿಲ್ಲ. ಕೈ ಪಳಗಿದ್ದರೂ ಹಣವಿಲ್ಲದೆ ಹಿಂದುಳಿಯುವವರಿದ್ದಾರೆ. ಬಡಾವಣೆಯ ತಂಡಗಳು ಅಳಿದುದರ ಬೆಲೆಯನ್ನು ತೆರುತ್ತಿರುವವರು ಅವರು. ಹಗಲೆಲ್ಲ ಬಿಸಿಲಿನಲ್ಲಿ ಅಭ್ಯಾಸ, ಸಂಜೆ ಪ್ರದರ್ಶನ, ರಾತ್ರಿ ಬಸ್ಸು, ಬೆಳಗಿನ ಜಾವ ಇನ್ನಾವುದೋ ಊರಿನ ಶಾಲೆಯ ನೆಲದ ಮೇಲೆ ನಿದ್ರೆ.

ಇದಕ್ಕೆಲ್ಲ ವಯಸ್ಸಿನ ಗಡಿಯೊಂದಿದೆ. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಅವಕಾಶ ಮುಗಿಯಿತು. ಹದಿನೆಂಟರಲ್ಲಿ ಬೇಡವೆನಿಸಿಕೊಂಡವನು ಮರುವರ್ಷ ಬರಬಹುದು, ಇಪ್ಪತ್ತೊಂದರವನು ಬರುವಂತಿಲ್ಲ. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಇಡೀ ಋತುವೇ ರದ್ದಾದಾಗ, ಚಳಿಗಾಲದಲ್ಲಿ ಪರೀಕ್ಷೆ ಗೆದ್ದು ಕೈ ಹದಗೊಳಿಸಿಕೊಂಡಿದ್ದವರು ಆ ಬೇಸಿಗೆಯನ್ನು ಮನೆಯಲ್ಲಿಯೇ ಕಳೆದರು.

ಆಗಸ್ಟ್ ತಿಂಗಳಲ್ಲಿ ಇಂಡಿಯಾನಾಪೊಲಿಸ್ ನಗರದ ಕ್ರೀಡಾಂಗಣದಲ್ಲಿ ಕಡೆಯ ಸ್ಪರ್ಧೆ ಮುಗಿಯುತ್ತದೆ. ಡ್ರಮ್ಮು ತಂಡದ ಸ್ವತ್ತು; ಅದನ್ನು ಭುಜದಿಂದ ಇಳಿಸಿ ಲಾರಿಯಲ್ಲಿಡಬೇಕು. ಮನೆಗೆ ಒಯ್ಯಲು ಉಳಿಯುವುದು ತುದಿ ಸವೆದ ಎರಡು ಕೋಲು, ರಬ್ಬರಿನ ಆ ಬಿಲ್ಲೆ.